ದೋಷವಿಲ್ಲದ ಕುಂದು

ದುಡಿಯುವ ಯಂತ್ರವು ಥಟ್ಟನೆ ನಿಂತುಹೋದರೆ ಒಡೆಯನಿಗೆ ಅಷ್ಟು ಕಳವಳವಿಲ್ಲ. ಮುರಿದುದನ್ನು ಹುಡುಕಿ ತಿದ್ದಬಹುದು. ನಿಲ್ಲದೆ, ಸದ್ದು ಕೆಡದೆ, ದಿನದಿನಕ್ಕೆ ದುಡಿಮೆ ಮಾತ್ರ ಇಳಿಯುತ್ತ ಬಂದರೆ ಅದೇ ದೊಡ್ಡ ಚಿಂತೆ. 2017ನೆಯ ಇಸವಿಯಲ್ಲಿ ಈಥೀರಿಯಮ್ ಎಂಬ ಗುಪ್ತಲಿಪಿನಾಣ್ಯದ ಗಣಿಗಾರಿಕೆಯಲ್ಲಿ ತೊಡಗಿದ್ದ ನಾನಾ ದೇಶಗಳ ಜನರಿಗೆ ಒದಗಿದುದು ಇಂತಹುದೇ ಚಿಂತೆ.

ಈ ಗಣಿಯಲ್ಲಿ ಅಗೆಯುವುದಕ್ಕೆ ಮಣ್ಣಿರಲಿಲ್ಲ. ನಾಣ್ಯದ ಲೆಕ್ಕದ ಪುಟಗಳನ್ನು ಭದ್ರಪಡಿಸುವುದಕ್ಕಾಗಿ ಕಂಪ್ಯೂಟರುಗಳು ಕೋಟಿಗಟ್ಟಲೆ ಊಹೆಗಳನ್ನು ಪರೀಕ್ಷಿಸುತ್ತಿದ್ದುವು. ಸರಿಯಾದ ಊಹೆಯನ್ನು ಮೊದಲು ಮುಟ್ಟಿದವನಿಗೆ ಸಂಭಾವನೆ. ಒಂದು ಸೆಕೆಂಡಿಗೆ ನಡೆಯುವ ಪರೀಕ್ಷೆಗಳ ಸಂಖ್ಯೆಯೇ ಯಂತ್ರದ ವೇಗ. ವೇಗವು ಕುಂದಿದರೂ ವಿದ್ಯುತ್ತಿನ ವೆಚ್ಚವು ಅದಕ್ಕೆ ತಕ್ಕಂತೆ ಇಳಿಯದು. ಆದುದರಿಂದ ನಷ್ಟವೆಲ್ಲವೂ ಒಡೆಯನ ಪಾಲಿಗೆ.

ಇಂತಹ ಸಮಯದಲ್ಲಿ ಸಂದೇಹವು ಮೊದಲು ಯಂತ್ರದ ಮೇಲೆಯೇ ಹೋಗುವುದು ಸಹಜ. ಧೂಳು ತುಂಬಿತೆ, ಬೀಸಣಿಗೆ ಸೋತಿತೆ, ವಿದ್ಯುತ್ತು ಸಾಲದಾಯಿತೆ ಎಂದು ವಿಚಾರಿಸುವುದು ಅವಿವೇಕವೂ ಅಲ್ಲ. ಅತಿಯಾಗಿ ಕಾದ ಯಂತ್ರವು ಆತ್ಮರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುವುದುಂಟು. ಆದರೆ ಶಾಖವು ಮಿತಿಯಲ್ಲಿದ್ದು, ಬೀಸಣಿಗೆ ಸರಿಯಾಗಿ ತಿರುಗುತ್ತಿದ್ದು, ಒಂದೇ ಜಾತಿಯ ಯಂತ್ರಗಳೆಲ್ಲವೂ ಊರೂರುಗಳಲ್ಲಿ ಒಟ್ಟಿಗೇ ಸೊರಗಿದರೆ, ಯಾವ ಯಂತ್ರವನ್ನು ದೂರುವುದು?

ಕಾರಣವು ಕೆಲಸದಲ್ಲಿಯೇ ಅಡಗಿತ್ತು. ಪ್ರತಿಯೊಂದು ಪರೀಕ್ಷೆಗೂ ಯಂತ್ರವು ಒಂದು ದೊಡ್ಡ ಕೋಷ್ಟಕದೊಳಗೆ 64 ಸಲ ಹುಡುಕಿ ಬರಬೇಕಾಗಿತ್ತು. 2015ರಲ್ಲಿ ನಾಣ್ಯವು ಹುಟ್ಟಿದಾಗ ಆ ಕೋಷ್ಟಕದ ಗಾತ್ರವು 1 ಗಿಗಾಬೈಟ್; ಲೆಕ್ಕದ 30,000 ಪುಟಗಳಿಗೊಮ್ಮೆ ಸುಮಾರು 8 ಮೆಗಾಬೈಟಿನಷ್ಟು ಅದು ಬೆಳೆಯತಕ್ಕದ್ದೆಂದು ನಿಯಮ. 2017ರ ಜೂನ್ ತಿಂಗಳಿಗೆ ಅದು 2 ಗಿಗಾಬೈಟನ್ನು ಮುಟ್ಟಿತು. ಯಾವ ಭಾಗವು ನೆನಪಿನ ಉಗ್ರಾಣದಲ್ಲಿ ಎಲ್ಲಿದೆಯೆಂಬುದಕ್ಕೆ ಯಂತ್ರವು ವಿಳಾಸಗಳ ಸಣ್ಣ ಪಟ್ಟಿಯೊಂದನ್ನು ಕೈಯಳತೆಯಲ್ಲಿ ಇರಿಸಿಕೊಂಡಿರುತ್ತದೆ. ಕೋಷ್ಟಕವು ಬೆಳೆಯಿತು, ಪಟ್ಟಿಯು ಬೆಳೆಯಲಿಲ್ಲ. ಎಎಮ್‌ಡಿ ಕಂಪನಿಯ ಆರ್‌ಎಕ್ಸ್ 480, 580 ಮೊದಲಾದ ಗ್ರಾಫಿಕ್ಸ್ ಕಾರ್ಡುಗಳಿಗೆ ವಿಳಾಸವನ್ನು ಅರಸುವುದರಲ್ಲಿಯೇ ಹೊತ್ತು ಕಳೆಯತೊಡಗಿತು. ಹಳೆಯ ಕಾಲದ ಚಿಕ್ಕ ಕೋಷ್ಟಕವನ್ನು ಕೊಟ್ಟು ನೋಡಿದರೆ ಅದೇ ಕಾರ್ಡು ಹಳೆಯ ವೇಗದಲ್ಲಿಯೇ ಓಡುತ್ತಿತ್ತು. ನಿರ್ದೋಷಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಆ ವರ್ಷದ ಆಗಸ್ಟಿನಲ್ಲಿ ಕಂಪನಿಯು ಹೊಸ ಚಾಲಕ ತಂತ್ರಾಂಶವನ್ನು ಹೊರಡಿಸಿತು. ಉಗ್ರಾಣವನ್ನು ದೊಡ್ಡ ದೊಡ್ಡ ಖಂಡಗಳಾಗಿ ವಿಂಗಡಿಸಿದರೆ ಅದೇ ಪಟ್ಟಿಯು ಹೆಚ್ಚು ಸ್ಥಳವನ್ನು ಒಳಗೊಳ್ಳಬಲ್ಲುದು. ಕಳೆದ ವೇಗವು ಬಹುಮಟ್ಟಿಗೆ ಮರಳಿತು. ಮುದಿಯಾಯಿತೆಂದು ಕಾರ್ಡನ್ನು ಅಗ್ಗಕ್ಕೆ ಮಾರಿಬಿಟ್ಟವನಿದ್ದರೆ, ಅವನು ಮಾರಿದುದು ಗಟ್ಟಿಯಾದ ಆಳನ್ನೇ.

ಕೋಷ್ಟಕವಾದರೋ ಬೆಳೆಯುತ್ತಲೇ ಹೋಯಿತು. 2020ರ ಕೊನೆಗೆ ಅದು 4 ಗಿಗಾಬೈಟಿನ ಕಾರ್ಡುಗಳಲ್ಲಿ ಹಿಡಿಸದಾಯಿತು. ಅಲ್ಲಿ ಯಾವ ತಂತ್ರಾಂಶವೂ ಬಹುಕಾಲ ಕಾಯಲಾರದೆ ಹೋಯಿತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಮ್ ಆ ಗಣಿಗಾರಿಕೆಯನ್ನೇ ಕೈಬಿಟ್ಟಿತು. ದುಡಿಯುವವನ ಶಕ್ತಿಯನ್ನು ಅಳೆಯಲು ಹೊರಟವನು ಅವನ ತಲೆಯ ಮೇಲಿನ ಹೊರೆಯನ್ನೂ ತೂಗಿ ನೋಡತಕ್ಕದ್ದೆಂಬ ಮಾತು ಮನೆಗೆ ಸಲ್ಲುವಂತೆ ಯಂತ್ರಶಾಲೆಗೂ ಸಲ್ಲುತ್ತದೆ.