ಅಡಿಕೆ ಸೀಮೆಯ ನಾಟಕ ಶಾಲೆ

ನಾಟಕ ಕಲಿಯಬೇಕೆಂದರೆ ದೊಡ್ಡ ಪಟ್ಟಣಕ್ಕೇ ಹೋಗಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಕರ್ನಾಟಕದಲ್ಲಿ ರಂಗಭೂಮಿಯ ಹುಚ್ಚು ಹತ್ತಿದ ಎಷ್ಟೋ ಹುಡುಗ ಹುಡುಗಿಯರು ಹುಡುಕಿಕೊಂಡು ಹೋಗುವುದು ಒಂದು ಹಳ್ಳಿಗೆ: ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕಿನ ಹೆಗ್ಗೋಡಿಗೆ.

1949ರಲ್ಲಿ ಅಲ್ಲಿನ ನಾಟಕಪ್ರಿಯರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿಕೊಂಡರು. ಆ ಉದ್ದನೆಯ ಹೆಸರೇ ಚಿಕ್ಕದಾಗಿ ‘ನೀನಾಸಮ್’ ಆಯಿತು. ಮೈಸೂರಿನಲ್ಲಿ ಓದಿದ ಕೆ.ವಿ. ಸುಬ್ಬಣ್ಣ ಊರಿಗೇ ಮರಳಿ, ತೋಟ ನೋಡಿಕೊಳ್ಳುತ್ತಲೇ ಸಂಘವನ್ನು ಬೆಳೆಸಿದರು. ನಾಟಕವಷ್ಟೇ ಅಲ್ಲ, ಜಗತ್ತಿನ ಒಳ್ಳೊಳ್ಳೆಯ ಸಿನಿಮಾಗಳನ್ನೂ ಹಳ್ಳಿಯವರ ಮುಂದೆ ತಂದರು. ಒಳ್ಳೆಯದನ್ನು ನೋಡುವ ಹಕ್ಕು ಪೇಟೆಯವರಿಗೆ ಎಷ್ಟಿದೆಯೋ ಹಳ್ಳಿಯವರಿಗೂ ಅಷ್ಟೇ ಇದೆ ಎಂಬುದನ್ನು ಮಾಡಿ ತೋರಿಸಿದರು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇದನ್ನೆಲ್ಲ ನಾನು ಕೇಳಿ, ಓದಿ ತಿಳಿದುಕೊಂಡದ್ದು ಮಗಳ ದೆಸೆಯಿಂದ. ಡಿಗ್ರಿ ಮುಗಿಸಿದವಳು, “ಅಮ್ಮಾ, ನೀನಾಸಮ್‌ಗೆ ಅರ್ಜಿ ಹಾಕ್ತೀನಿ” ಎಂದಳು. ನಮ್ಮ ಅತ್ತೆಗೆ ದಿಗಿಲು. “ಮದುವೆ ವಯಸ್ಸಿನ ಹುಡುಗಿ ಬಣ್ಣ ಹಚ್ಚಿಕೊಂಡು ಊರೂರು ಸುತ್ತೋದಾ?” ಯಜಮಾನರದು ಒಂದೇ ಪ್ರಶ್ನೆ: “ಆಮೇಲೆ ಹೊಟ್ಟೆಗೇನು?”

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಕಲಿತವರೆಲ್ಲ ಹೆಸರಾಂತ ನಟರಾಗುವುದಿಲ್ಲ. ಆದರೆ ಆ ಶಾಲೆ ಏನು ಕಲಿಸುತ್ತದೆಂದು ವಿಚಾರಿಸುತ್ತ ಹೋದಂತೆ ನನ್ನ ಅಂಜಿಕೆ ಸ್ವಲ್ಪ ಸ್ವಲ್ಪವೇ ಕರಗಿತು. ಅಲ್ಲಿ ಅಭಿನಯ ಒಂದೇ ಅಲ್ಲ. ಬೆಳಕು, ಪ್ರಸಾಧನ, ವೇಷಭೂಷಣ, ರಂಗಸಜ್ಜಿಕೆ ಎಲ್ಲವನ್ನೂ ಕಲಿಯಬೇಕು. ಇಂದು ರಾಜನ ಪಾತ್ರ ಮಾಡಿದವನು ನಾಳೆ ಪರದೆ ಕಟ್ಟಬೇಕು. ಹತ್ತು ಜನರೊಂದಿಗೆ ಹೊಂದಿಕೊಂಡು, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸುವುದು ಯಾವ ಉದ್ಯೋಗಕ್ಕೆ ಬೇಡ?

“ಒಂದು ವರ್ಷ ತಾನೆ, ಕಲಿತು ಬರಲಿ” ಎಂದೆ. ಯಜಮಾನರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, “ಅಲ್ಲಿ ಮಳೆ ಜಾಸ್ತಿಯಂತೆ, ಒಳ್ಳೆ ಕೊಡೆ ಕೊಡಿಸು” ಎಂದರು. ಅತ್ತೆ ಮಾತ್ರ ಇನ್ನೂ ಒಪ್ಪಿಲ್ಲ. ಆದರೂ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿದ್ದಾರೆ.

ನೀನಾಸಮ್‌ನ ಇನ್ನೊಂದು ಕೆಲಸವನ್ನೂ ಹೇಳಲೇಬೇಕು. 1985ರಿಂದ ‘ತಿರುಗಾಟ’ ಎಂಬ ಅದರ ತಂಡ ನಾಟಕಗಳನ್ನು ಹೊತ್ತು ನಾಡಿನ ಊರೂರಿಗೆ ಹೋಗುತ್ತಿದೆ. ಹೆಸರು ಯಕ್ಷಗಾನ ಮೇಳಗಳ ತಿರುಗಾಟವನ್ನು ನೆನಪಿಸುತ್ತದೆ. ನಮ್ಮವರ ನಾಟಕಗಳ ಜೊತೆಗೆ ಷೇಕ್ಸ್‌ಪಿಯರ್‌ ಕೂಡ ಕನ್ನಡದಲ್ಲೇ ಮಾತಾಡುತ್ತ ಸಣ್ಣ ಸಣ್ಣ ಊರುಗಳ ರಂಗಕ್ಕೆ ಬಂದಿದ್ದಾನೆ. ನಟರನ್ನು ತಯಾರು ಮಾಡಿದರೆ ಸಾಲದು, ನೋಡುವವರೂ ಬೇಕಲ್ಲ! ಆ ಭಾಗ ನಮ್ಮದು. ನಿಮ್ಮ ಊರಿಗೆ ತಿರುಗಾಟ ಬಂದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅರ್ಥವಾಗದಿದ್ದರೆ ಎಂಬ ಚಿಂತೆ ಬೇಡ. ಮನೆಗೆ ಬರುವ ದಾರಿಯಲ್ಲಿ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪಾಳಿ ನಿಮ್ಮದಾಗುತ್ತದೆ.