ಲಗಾಮು ವಾದ್ಯದ ಕೈಲಿ
ಈಗಷ್ಟೇ ಬ್ರೆಜಿಲ್‌ನ ಸಾಲ್ವಡಾರ್‌ನ ಕಪೊಯೆರಾ ಎಂಬ ಸಮರಕಲೆಯ ವಿಡಿಯೊ ಒಂದನ್ನು ನೋಡಿದೆ. ಒದೆತ, ಪಲ್ಟಿಗಳಿಗಿಂತ ಬೆರಿಂಬಾವು ವಾದ್ಯ ಹಿಡಿದು ನಿಂತ ಹಿರಿಯರ ಮೇಲೇ ಕಣ್ಣು ನೆಟ್ಟಿತು. ಬಿಲ್ಲಿನಂಥ ಅದಕ್ಕೆ ಒಂದೇ ತಂತಿ, ಕೆಳಗೊಂದು ಸೋರೆ ಬುರುಡೆ. ಅವರು ಲಯ ಏರಿಸಿದರೆ ಆಟ ಬಿರುಸು, ಇಳಿಸಿದರೆ ನಿಧಾನ. ಗುಲಾಮರನ್ನಾಗಿ ಹೊತ್ತು ತಂದ ಆಫ್ರಿಕನ್ನರು ಕಟ್ಟಿದ ವಿದ್ಯೆ ಕಪೊಯೆರಾ. 1890ರ ಕಾನೂನು ಇದನ್ನು ಅಪರಾಧ ಅಂತಲೇ ಸಾರಿತ್ತು! ಆಮೇಲೆ 1932ರಲ್ಲಿ ಮೆಸ್ತ್ರೆ (ಗುರು) ಬಿಂಬಾ ಶಾಲೆ ತೆರೆದರು, ಅವರ ಬಳಿಕ ಮೆಸ್ತ್ರೆ ಪಾಸ್ತಿನ್ಯಾ.

ಇಲ್ಲಿ ಶಿಷ್ಯ ಒದೆಯೋದು ಕಲಿತರೆ ಸಾಲದು. ಹಾಡಬೇಕು, ಬಾರಿಸಬೇಕು, ಸುತ್ತ ನಿಂತು ಚಪ್ಪಾಳೆಯಲ್ಲಿ ತಾಳ ಹಿಡಿಯಬೇಕು. ರೆಕಾರ್ಡ್ ಹಾಕಿ ಬರೀ ಪಲ್ಟಿ ಕಲಿಸಿದರೆ ಅದು ಅರ್ಧ ವಿದ್ಯೆ ಅಂತಲೇ ನನಗನ್ನಿಸೋದು. ನೀವೇನಂತೀರಿ? ಯಾರಾದರೂ ಕಲಿತವರಿದ್ದೀರಾ?