ಏಳು ತುಂಬಿದ ವಾರ

ಸಹೋದರಿಯರೇ, ಅಕ್ಕೋಳದ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಮಾತುಕತೆಯನ್ನು ನಿಮಗೆ ಹೇಳಬೇಕು. ನಾಳೆ ನಿಮ್ಮ ಮನೆಗೂ ಬೇಕಾದೀತು.

ನನ್ನ ತಂಗಿ ತಲಾಕ್ ಆಗಿ ತವರಿಗೆ ಬಂದಾಗ ಮಗನಿಗೆ ಮೂರು ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕುತ್ತಿಗೆ ನಿಲ್ಲದು, ಮಾತಿಲ್ಲ, ಆಗಾಗ ಫಿಟ್ಸ್. ಬೀಡಿ ಕಟ್ಟುತ್ತಲೇ ಅವನನ್ನು ಸಾಕಿದಳು. ನಾಲ್ಕು ವರ್ಷ ಆ ಕಡೆಯಿಂದ ಯಾರೂ ಬರಲಿಲ್ಲ. ಏಳು ತುಂಬಿದ ವಾರವೇ ಮಗುವಿನ ತಂದೆ ಹಿರಿಯರೊಂದಿಗೆ ಬಂದರು.

"ಗಂಡು ಮಗು ಏಳರವರೆಗೆ ತಾಯಿಯ ಬಳಿ, ಆಮೇಲೆ ತಂದೆಯ ಬಳಿ. ನಮ್ಮ ಮಗನನ್ನು ಕಳಿಸಿಕೊಡಿ" ಎಂದರು. ಅಬ್ಬಾ ತಲೆ ತಗ್ಗಿಸಿದರು. ಹನಫಿ ಫಿಕ್ಹ್‌ನಲ್ಲಿ ಆ ಮಾತು ಇರುವುದು ನಿಜವೇ.

ತಂಗಿ ಬಾಗಿಲ ಮರೆಯಿಂದಲೇ ಕೇಳಿದಳು: "ಚಾಚಾ, ರಾತ್ರಿ ಅವನಿಗೆ ಫಿಟ್ಸ್ ಬಂದರೆ ಏನು ಮಾಡುತ್ತೀರಿ?"

"ಕೈಗೆ ಬೀಗದ ಕೈ ಕೊಡುವುದಪ್ಪಾ" ಎಂದರು ಒಬ್ಬರು.

"ಮಗ್ಗುಲಾಗಿ ಮಲಗಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು" ಎಂದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. ಬಂದವರು ಚಹಾ ಕುಡಿದು, "ಮತ್ತೆ ಬರುತ್ತೇವೆ" ಎಂದು ಎದ್ದರು.

ಮರುದಿನವೇ ವಕೀಲರ ಬಳಿ ಹೋದೆವು. ಅವರು ಮೊದಲು ಕೇಳಿದ್ದು ನಿಕಾಹ್‌ನಾಮಾ ಅಲ್ಲ, ಔಷಧಿ ಚೀಟಿಗಳನ್ನು! ತಂಗಿ ಒಂದು ಚೀಲ ತುಂಬ ಇಟ್ಟಿದ್ದಳು. ನೀವೂ ಇಡಿ. ಏಳು ವರ್ಷದ ನಿಯಮವನ್ನು ನ್ಯಾಯಾಲಯ ಗಮನಿಸುತ್ತದೆ, ಆದರೆ ಅದೇ ಕೊನೆಯ ಮಾತಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಂತೆ ನ್ಯಾಯಾಧೀಶರು ತೂಗಿ ನೋಡುವುದು ಮಗುವಿನ ಹಿತವನ್ನು. ತಾಯಿ ಎಂಬ ಒಂದೇ ಕಾರಣಕ್ಕೂ ಮಗು ಸಿಗದು. ತಂದೆಯ ಆರೈಕೆಯೇ ಮೇಲೆಂದು ಕಂಡರೆ ಅವರಿಗೇ ಸಿಗಬಹುದು. ಅರ್ಜಿ ಹಾಕಬೇಕಾದುದು ಮಗು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ. ಇದು ನಮ್ಮಂಥವರಿಗೆ ದೊಡ್ಡ ಅನುಕೂಲ.

ಮಗು ತಾಯಿಯ ಬಳಿ ಇದ್ದರೆ ತಂದೆಯ ಹೊಣೆ ಮುಗಿಯಿತೆಂದೂ ಅನೇಕರು ತಿಳಿದಿದ್ದಾರೆ. ಹಾಗಲ್ಲ. ತಲಾಕ್ ಆದ ತಾಯಿಯ ಬಳಿ ಇರುವ ಮಕ್ಕಳಿಗೂ ಮುಸ್ಲಿಮ್ ತಂದೆ ಜೀವನಾಂಶ ಕೊಡಬೇಕೆಂದು 1997ರಲ್ಲೇ ಸುಪ್ರೀಮ್ ಕೋರ್ಟ್ ಹೇಳಿದೆ. ಅಂಗವೈಕಲ್ಯದಿಂದ ದುಡಿಯಲಾರದ ಮಗನಿಗೆ ಹದಿನೆಂಟು ದಾಟಿದರೂ ಆ ಹಕ್ಕಿದೆ. ಹಿಂದೆ ಅದು 125ನೇ ಕಲಮಿನಲ್ಲಿತ್ತು, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ.

ನಮ್ಮದು ಕೋರ್ಟಿಗೆ ಹೋಗಲಿಲ್ಲ. ಎರಡನೇ ಬಾರಿ ಬಂದಾಗ ತಂದೆ ಒಬ್ಬರೇ ಬಂದರು. ತಿಂಗಳ ಔಷಧಿಯ ಖರ್ಚು ಒಪ್ಪಿಕೊಂಡರು, ಭಾನುವಾರ ಬರುವುದೆಂದಾಯಿತು. ಕಳೆದ ಭಾನುವಾರ ತಂಗಿ ಗಂಜಿಯ ಬಟ್ಟಲು ನನ್ನ ಕೈಲಿ ಕೊಟ್ಟು ಕಳಿಸಿದಳು. "ಮಲಗಿಸಿ ಉಣಿಸಬೇಡಿ, ಎದೆಗೊರಗಿಸಿ ಕೂರಿಸಿಕೊಳ್ಳಿ" ಎಂದು ಒಳಗಿನಿಂದ ಹೇಳಿದಳು. ಅವರು ಅಂಗಿಯ ತುಂಬ ಗಂಜಿ ಚೆಲ್ಲಿಕೊಂಡು ಅರ್ಧ ಬಟ್ಟಲು ಉಣಿಸಿದರು.